ಕಡಲು ಅವರಿಗೆ, ಚಪ್ಪಲಿ ನನಗೆ

ಮಂಗಳೂರಿನಲ್ಲಿ ಸ್ವಂತ ಮನೆ ಇದ್ದವನಿಗೆ ನೆಂಟರ ಬರ ಎಂಬುದಿಲ್ಲ. ದಸರಾ ರಜೆ, ಕ್ರಿಸ್ಮಸ್ ರಜೆ, ಬೇಸಿಗೆ ರಜೆ ಎಂದು ಘಟ್ಟದ ಮೇಲಿನವರ ಪ್ರೀತಿ ಚಾರ್ಮಾಡಿ, ಶಿರಾಡಿ, ಸಂಪಾಜೆ ಮೂರೂ ದಾರಿಯಿಂದ ಇಳಿದು ಬರುತ್ತಲೇ ಇರುತ್ತದೆ. ಇದು ನನ್ನ ಮೇಲಿನ ಅಭಿಮಾನ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ಕಾಲವೂ ಇತ್ತು. ಆದರೆ ನಾವು ಪುತ್ತೂರಿನ ಬಾಡಿಗೆ ಮನೆಯಲ್ಲಿದ್ದಷ್ಟು ದಿನ ಈ ಅಭಿಮಾನಿಗಳಲ್ಲಿ ಒಬ್ಬರಾದರೂ ದಾರಿ ತಪ್ಪಿಯಾದರೂ ಇಣುಕಿದ್ದಿಲ್ಲ. ಪುತ್ತೂರಿನಲ್ಲಿ ಸಮುದ್ರ ಇಲ್ಲ ನೋಡಿ. ನೆಂಟಸ್ತಿಕೆ ಸಮುದ್ರದ್ದು, ನಮ್ಮದು ಅದಕ್ಕೆ ತಾಗಿಕೊಂಡ ಲಾಡ್ಜು. ಊಟ, ತಿಂಡಿ, ಕಾರು, ಡ್ರೈವರ್ ಸಹಿತ. ಡ್ರೈವರ್ ನಾನೇ.

ಕಳೆದ ಡಿಸೆಂಬರಿನಲ್ಲಿ ಮೈಸೂರಿನಿಂದ ತಂಗಿಯ ಸಂಸಾರ ಬಂತು. ತಂಗಿಯ ಗಂಡನನ್ನು ನಾನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಮನೆಯಲ್ಲಿ ಯಾರಾದರೂ ‘ಭಾವನಿಗೆ ಕಾಫಿ’ ಎಂದರೆ ಅದು ಯಾವಾಗಲೂ ಅವರಿಗೇ ಹೋಗುತ್ತದೆ. ಭಾವ ಎಲ್ಲಿಗೆ ಹೋಗುವುದಿದ್ದರೂ ಮೊದಲು ಓದಿಕೊಂಡು ಹೋಗುವ ಜಾತಿ. ಚಪ್ಪಲಿ ಬಿಚ್ಚುವ ಮೊದಲೇ ಕೇಳಿದರು.

“ಭಾವ, ಮಕ್ಕಳಿಗೆ ತೋರಿಸೋ ಅಂಥ ಜಾಗ ಯಾವುದ್ಯಾವುದಿದೆ ಹೇಳಿ. ನೀವು ಹುಟ್ಟಿ ಬೆಳೆದ ಊರಲ್ವಾ?”

ಹುಟ್ಟಿ ಬೆಳೆದವನಿಗೆ ಊರಿನಲ್ಲಿ ನೋಡಲಿಕ್ಕೆ ಎಂತ ಉಂಟು? ರೇಷನ್ ಕಾರ್ಡು ತಿದ್ದುವ ಕಚೇರಿ, ಹಲ್ಲಿನ ಡಾಕ್ಟರು, ಮೀನಿನ ದಕ್ಕೆ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡು. ಇನ್ನು ಸಮುದ್ರ. ನಮ್ಮ ಕಡೆಯವರು ಸಮುದ್ರಕ್ಕೆ ಹೋಗುವುದು ಒಂದೋ ಪುಣ್ಯಕ್ಕೆ, ಇಲ್ಲ ಪಿಂಡಕ್ಕೆ. ಆಟಿ ಅಮಾವಾಸ್ಯೆಗೆ, ಎಳ್ಳಮಾವಾಸ್ಯೆಗೆ ಸೋಮೇಶ್ವರದಲ್ಲಿ ಮೂರು ಮುಳುಗು ಹಾಕಿ ಬಂದರೆ ಆ ವರ್ಷದ ಬೀಚು ಮುಗಿಯಿತು. ಸುಮ್ಮನೆ ಕೂತು ತೆರೆ ನೋಡುವುದಕ್ಕೆಂದು ಪೆಟ್ರೋಲು ಸುಡುವವರು ಘಟ್ಟದ ಮೇಲಿನವರು ಮಾತ್ರ.

ನಾನು ಬಾಯಿ ತೆರೆಯುವ ಮೊದಲೇ ನನ್ನವಳು ಕರೆಂಟು ಬಿಲ್ಲಿನ ಹಿಂದೆ ಬರೆದಿಟ್ಟ ಕಾರ್ಯಕ್ರಮ ಪಟ್ಟಿಯನ್ನು ಹೊರತೆಗೆದಳು. ನನಗೊಂದೇ ಸೂಚನೆ: “ನೀವು ಕಾರು ಬಿಡಿ ಸಾಕು, ಬಾಯಿ ಬಿಡಬೇಡಿ.”

ಮೊದಲು ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್. ಅಲ್ಲೇ ಪಕ್ಕದ ಕಾಲೇಜಿನಲ್ಲಿ ಡಿಗ್ರಿ ಓದಿದವನು ನಾನು. ಚಾಪೆಲ್ಲಿನ ಒಳಗೆ ಹೋದದ್ದು ಪರೀಕ್ಷೆಯ ಹಿಂದಿನ ದಿನ ಮಾತ್ರ, ಆಗ ಕಣ್ಣು ಮುಚ್ಚಿಕೊಂಡಿದ್ದೆ. ಈಗ ಕಣ್ಣು ಬಿಟ್ಟು ನೋಡಿದರೆ ಗೋಡೆಯಲ್ಲಿ ಒಂದು ಗೇಣು ಜಾಗ ಖಾಲಿ ಇಲ್ಲ. ಇಟಲಿಯಿಂದ ಬಂದ ಜೆಸ್ಯುಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ 1899ರಲ್ಲಿ ಕೆಲಸ ಹಿಡಿದು, ಗೋಡೆಗೆ ಹಸಿ ಗಾರೆಯ ಮೇಲೆ, ಛಾವಣಿಗೆ ಕ್ಯಾನ್ವಾಸಿನ ಮೇಲೆ ಬರೆದ ಚಿತ್ರಗಳು. ಮಕ್ಕಳು ಬೆಂಚಿಗೆ ಒರಗಿ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ನನ್ನವಳು ಮೇಲೆ ನೋಡಲಿಲ್ಲ, ನನ್ನನ್ನು ನೋಡಿದಳು.

“ಒಬ್ಬ ಮನುಷ್ಯ, ನಮ್ಮ ಈ ಮಳೆಯಲ್ಲಿ, ಎರಡು ಎರಡೂವರೆ ವರ್ಷದಲ್ಲಿ ಇಷ್ಟೆಲ್ಲ ಮುಗಿಸಿದ್ದಾನಂತೆ. ನಮ್ಮ ಅಡುಗೆಮನೆಯ ಒಂದು ಗೋಡೆಯ ಪೇಂಟು ಯಾವಾಗಿನಿಂದ ಎದ್ದು ಕೂತಿದೆ, ಗೊತ್ತುಂಟಾ ನಿಮಗೆ?”

“ಅವರನ್ನು ಅದಕ್ಕೇಂತ ಇಟಲಿಯಿಂದ ಕಳಿಸಿದ್ದಲ್ವಾ?”

“ನಿಮ್ಮನ್ನು ಎಲ್ಲಿಗೆ ಕಳಿಸಿದರೆ ಆದೀತು?”

ದೇವರ ಮನೆಯಲ್ಲಿ ವಾದ ಬೆಳೆಸಬಾರದೆಂದು ಸುಮ್ಮನಾದೆ. ಆಮೇಲೆ ನನಗೆ ಛಾವಣಿಯ ಉದ್ದಕ್ಕೂ ಪೇಂಟರಿನ ಎಸ್ಟಿಮೇಟೇ ಕಾಣುತ್ತಿತ್ತು.

ಕದ್ರಿ ಬೇಗ ಮುಗಿಯಿತು. ಆಳುಪರ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಭಾವ ಮಕ್ಕಳಿಗೆ ಇತಿಹಾಸ ಹೇಳಲು ಹೊರಟರು, ಮಕ್ಕಳು ಮೇಲಿನ ಕೆರೆಗಳ ಕಡೆಗೆ ಓಡಿದರು, ಇತಿಹಾಸವನ್ನು ನಾನೊಬ್ಬನೇ ಕೇಳಬೇಕಾಯಿತು.

ಸುಲ್ತಾನ್ ಬತ್ತೇರಿಯಲ್ಲಿ ಮಾತ್ರ ಊರಿನ ಮರ್ಯಾದೆಯ ಪ್ರಶ್ನೆ ಬಂತು. ಬತ್ತೇರಿ ಎಂದರೆ 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದಿರಲೆಂದು ಗೋಡೆಯುದ್ದಕ್ಕೂ ತೋಪು, ಕೋವಿ ತೂರಿಸುವ ಕಿಂಡಿಗಳು. ಶ್ರೀರಂಗಪಟ್ಟಣವನ್ನು ಕಂಡು ಬಂದ ಮಕ್ಕಳು ಮೆಟ್ಟಿಲು ಹತ್ತಿ, ಒಂದು ಸುತ್ತು ಓಡಿ, ಇಳಿದು ಬಂದರು. ನಾನಿನ್ನೂ ಕಾರಿಗೆ ಬೀಗ ಹಾಕುತ್ತಿದ್ದೆ.

“ಇಷ್ಟೇನಾ ಮಾವ? ಕೋಟೆ ಎಲ್ಲಿದೆ?”

ಟಿಪ್ಪುವಿನ ಪರವಾಗಿ ನಾನು ಉತ್ತರ ಕೊಡಬೇಕಾಯಿತು. “ಹೊಳೆ ಕಾಯಲಿಕ್ಕೆ ಇಷ್ಟು ಸಾಕು ಮಗಾ. ಅರಮನೆ ನಿಮ್ಮೂರಲ್ಲೇ ಉಂಟಲ್ಲ.”

ಅಲ್ಲಿಂದ ಕಡವಿನ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ ಬೀಚು. ದಾಟಲು ಕೆಲವೇ ನಿಮಿಷ ಸಾಕು, ಮಕ್ಕಳಿಗೆ ಮಾತ್ರ ಇಡೀ ಪ್ರವಾಸದಲ್ಲಿ ಬಾಯಿತುಂಬ ಹೇಳಿಕೊಳ್ಳುವಂಥದ್ದು ಅದೊಂದೇ ಆಯಿತು. ನಾವು ಹುಡುಕಿ ಹುಡುಕಿ ದೊಡ್ಡ ಟಿಕೆಟ್ಟಿನ ಜಾಗಗಳಿಗೆ ಕರೆದುಕೊಂಡು ಹೋಗುತ್ತೇವೆ, ಮಕ್ಕಳಿಗೆ ಬೇಕಾದದ್ದು ಬಗ್ಗಿದರೆ ನೀರಿಗೆ ಕೈ ತಾಗುವ ಒಂದು ದೋಣಿ. ಆ ಬದಿಯಲ್ಲಿ ಮರಗಳ ನೆರಳಿದೆ, ಟ್ರೀ ಪಾರ್ಕ್ ಇದೆ, ಪಣಂಬೂರಿನಷ್ಟು ಗೌಜಿ ಇಲ್ಲ. ಸಣ್ಣ ಮಕ್ಕಳಿದ್ದವರಿಗೆ ನಾನು ಹೇಳುವುದಾದರೆ ಅದನ್ನೇ ಹೇಳುತ್ತೇನೆ. ನನ್ನನ್ನು ಯಾರೂ ಕೇಳುವುದಿಲ್ಲ.

ಪಿಲಿಕುಳಕ್ಕೆ ಅಮ್ಮನೂ ಹೊರಟರು. ವಾಮಂಜೂರಿನ ಹತ್ತಿರ ಗುಡ್ಡ, ಕೆರೆ, ಕಾಡು ಸೇರಿ ಮುನ್ನೂರೈವತ್ತು ಎಕರೆಗೂ ಮೇಲಿರುವ ಆ ನಿಸರ್ಗಧಾಮವನ್ನು ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಹೊರಡುವವರಿಗೆ ಮೊಣಕಾಲು ಎಂಬ ಅಂಗದ ಪರಿಚಯ ಇಲ್ಲವೆಂದೇ ಅರ್ಥ. ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿ ಮಾಡಿಸಿ ಹೆಸರಾದ ಶಿವರಾಮ ಕಾರಂತ ಜೈವಿಕ ಉದ್ಯಾನ ಒಂದು ಕಡೆ, ವಿಜ್ಞಾನ ಕೇಂದ್ರ ಇನ್ನೊಂದು ಕಡೆ, ಕುಂಬಾರ ಕಮ್ಮಾರರ ಕುಶಲಕರ್ಮಿ ಗ್ರಾಮ ಮತ್ತೊಂದು ಕಡೆ. ತಾರಾಲಯ 2018ರಲ್ಲಿ ಶುರುವಾದದ್ದು, ಕನ್ನಡಕ ಹಾಕಿಕೊಂಡು ಒರಗಿ ಕೂತರೆ ಗ್ರಹ ನಕ್ಷತ್ರಗಳು ಮುಖದ ಮೇಲೆಯೇ ಬರುತ್ತವೆ. ಬೆಳಗ್ಗಿನಿಂದ ನಡೆದು ಬಂದವನಿಗೆ ತಂಪು ಗಾಳಿ, ಕತ್ತಲೆ, ಒರಗುವ ಕುರ್ಚಿ ಮೂರೂ ಒಟ್ಟಿಗೆ ಸಿಕ್ಕಿದರೆ ಯಾವ ಗ್ರಹ ನಿಲ್ಲುತ್ತದೆ? ದೀಪ ಬಂದಾಗ ಭಾವ ಕನ್ನಡಕ ಕೊಡುತ್ತಾ ಹೇಳಿದರು, “ಭಾವ, ಚಿತ್ರ ಮಾತ್ರ ತ್ರೀಡಿ ಅಂದುಕೊಂಡಿದ್ದೆ. ನಿಮ್ಮ ಗೊರಕೆಯೂ ಹಾಗೇ ಕೇಳಿಸ್ತಿತ್ತು.”

ಇವೆಲ್ಲ ಹೇಗೋ ಕಳೆಯಿತು. ನನ್ನ ಮಾನ ಹೋದದ್ದು ಪಿಲಿಕುಳದ ಗುತ್ತಿನ ಮನೆಯಲ್ಲಿ. ಹಳೆಯ ಕಾಲದ ಗುತ್ತಿನ ಮನೆ ಹೇಗಿತ್ತೆಂದು ತೋರಿಸಲು ಚಾವಡಿ, ಮರದ ಕಂಬಗಳ ಸಮೇತ ಕಟ್ಟಿ ನಿಲ್ಲಿಸಿದ್ದಾರೆ. ಅಮ್ಮ ಚಾವಡಿಗೆ ಕಾಲಿಟ್ಟದ್ದೇ ಅವರ ನಡಿಗೆಯೇ ಬದಲಾಯಿತು. ಒಂದೊಂದು ಕಂಬಕ್ಕೂ ಅಂಗೈ ಒತ್ತಿ, ಇದು ಹಲಸಿನದು, ಇದಲ್ಲ ಎಂದು ತೀರ್ಪು ಕೊಟ್ಟರು. ಇಲ್ಲಿ ಹಿರಿಯರು ಕೂರುವುದು, ಇಲ್ಲಿ ಮುಡಿ ಅಕ್ಕಿ ಇಡುವುದು, ಇಲ್ಲಿ ಬಾಣಂತಿ ಮಲಗುವುದು ಎಂದು ಮೊಮ್ಮಕ್ಕಳಿಗೆ ಹೇಳುತ್ತಾ ಹೋದ ಹಾಗೆ ಯಾವುದೋ ಊರಿನಿಂದ ಬಂದ ಒಂದು ಗುಂಪು ಇವರೇ ಅಲ್ಲಿಯ ಗೈಡು ಎಂದುಕೊಂಡು ಹಿಂದೆಯೇ ಬಂತು. ಒಬ್ಬರಂತೂ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು. ಅಮ್ಮನಿಗೆ ಹುಮ್ಮಸ್ಸು ಬಂತು.

“ಭತ್ತ ತುಂಬಿಸುವ ಇಷ್ಟು ದೊಡ್ಡ ಕಲೆಂಬಿ ನಮ್ಮ ಮನೆಯಲ್ಲಿಯೂ ಇತ್ತು. ಆನೆ ನಿಂತರೂ ಮುರಿಯುತ್ತಿರಲಿಲ್ಲ.”

“ಈಗ ಎಲ್ಲಿದೆ ಅಜ್ಜಿ?” ಬರೆದುಕೊಳ್ಳುತ್ತಿದ್ದವರು ಕೇಳಿದರು.

“ಇವ ಗುಜರಿಯವನಿಗೆ ಕೊಟ್ಟ,” ಎಂದು ಅಮ್ಮ ನನ್ನ ಕಡೆಗೆ ಕೈ ತೋರಿಸಿದರು.

ಇಡೀ ಗುಂಪು ನನ್ನ ಕಡೆ ತಿರುಗಿತು. ಅದರಲ್ಲಿದ್ದ ಒಂದು ಮಗು ತಾಯಿಯ ಸೆರಗು ಹಿಡಿದುಕೊಂಡಿತು. ಪಿಲಿಕುಳದಲ್ಲಿ ಆ ದಿನ ಹುಲಿಗಿಂತ ಹೆಚ್ಚು ಹೊತ್ತು ಜನ ನಿಂತು ನೋಡಿದ ಪ್ರಾಣಿ ನಾನು.

ಪಣಂಬೂರನ್ನು ನನ್ನವಳು ಕೊನೆಗೆ ಇಟ್ಟುಕೊಂಡಿದ್ದಳು. ಕಾರಣ ಮರಳು. ಮನೆಗೆ ಬಂದ ಪಣಂಬೂರಿನ ಮರಳು ನೆಂಟರ ಜೊತೆಗೆ ವಾಪಸು ಹೋಗುವುದಿಲ್ಲ. ಅದು ಬಚ್ಚಲಿನ ಜಾಲರಿಯಲ್ಲಿ ಕೂತು ನೀರು ಕಟ್ಟುತ್ತದೆ, ವಾಷಿಂಗ್ ಮೆಷಿನ್ನಿನಲ್ಲಿ ಕರಕರ ಎನ್ನುತ್ತದೆ, ದಿಂಬಿನ ಕವರಿನ ಮೂಲೆಯಲ್ಲಿ ಅಡಗುತ್ತದೆ. ನೆಂಟರು ಹೋಗಿ ಎಷ್ಟೋ ದಿನದ ಮೇಲೆ ಬಂಗುಡೆ ಸಾರು ಅನ್ನ ಕಲಸಿ ಬಾಯಿಗಿಟ್ಟರೆ ಹಲ್ಲಿನ ಎಡೆಯಲ್ಲಿ ಟಕ್ ಎನ್ನುತ್ತದೆ. ಹಾಗಾಗಿ ಬೀಚಿನಿಂದ ಬಂದವರು ಯಾರೇ ಇರಲಿ, ಮೊದಲು ಅಂಗಳದ ತೆಂಗಿನಮರದ ಬುಡದಲ್ಲಿ ಸಾಲಾಗಿ ನಿಲ್ಲಬೇಕು, ನಾನು ಪೈಪು ಹಿಡಿದು ನೀರು ಬಿಡಬೇಕು ಎಂಬುದು ನಮ್ಮ ಮನೆಯ ಕಾನೂನು. ಮೈಸೂರಿನ ದೊಡ್ಡ ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವ ಭಾವ ಬರ್ಮುಡಾ ಚಡ್ಡಿಯಲ್ಲಿ, ಕೈ ಮೇಲೆತ್ತಿ, “ಇನ್ನೂ ಸ್ವಲ್ಪ ಎಡಕ್ಕೆ ಭಾವ” ಎನ್ನುವುದನ್ನು ನೋಡುವುದಕ್ಕಾದರೂ ಪಣಂಬೂರಿಗೆ ಹೋಗಬೇಕು.

ಬೀಚಿಗೆ ಕಾಲಿಟ್ಟ ಕೂಡಲೇ ಮಕ್ಕಳು ನನ್ನ ಕೈ ಹಿಡಿದು ಎಳೆದವು.

“ಮಾವ, ಈಜೋಣ ಬನ್ನಿ.”

“ನನಗೆ ಈಜಲಿಕ್ಕೆ ಬರುವುದಿಲ್ಲ.”

“ಮಂಗಳೂರಲ್ಲಿದ್ದೂ?”

“ನಿಮ್ಮ ಅಪ್ಪನಿಗೆ ಆನೆ ನಡೆಸಲಿಕ್ಕೆ ಬರ್ತದಾ?”

ಮಕ್ಕಳು ಅಪ್ಪನ ಕಡೆ ನೋಡಿದವು. ಅಂಬಾರಿಯ ಊರಿನ ಆ ಮನುಷ್ಯ ಬಗ್ಗಿ ಪ್ಯಾಂಟು ಮಡಚತೊಡಗಿದರು. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕಿದ ಗೆಲುವು ಇದೊಂದೇ.

ಮೊಣಕಾಲಿಗಿಂತ ಆಳಕ್ಕೆ ಹೋಗಬಾರದು, ಕೆಂಪು ಬಾವುಟ ದಾಟಬಾರದು, ಲೈಫ್‌ಗಾರ್ಡಿನವರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬರಬೇಕು ಎಂದು ನನ್ನವಳು ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು. ನಮ್ಮ ಕಡಲು ನೋಡಲಿಕ್ಕೆ ಸಾಧು, ಕಾಲಿನಡಿಯಿಂದ ಎಳೆಯುವುದು ಗೊತ್ತಾಗುವುದಿಲ್ಲ. ಎಲ್ಲರೂ ನೀರಿಗಿಳಿದರು. ಇಳಿಯುವ ಮೊದಲು ಒಬ್ಬೊಬ್ಬರಾಗಿ ಬಂದು ಚಪ್ಪಲಿ, ಮೊಬೈಲು, ವಾಚು, ಕನ್ನಡಕ, ಬ್ಯಾಗು ನನ್ನ ಮುಂದೆ ಇಟ್ಟರು. ದೇವಸ್ಥಾನದ ಎದುರು ಈ ಕೆಲಸಕ್ಕೆ ಟೋಕನ್ನು, ಚಿಲ್ಲರೆ, ಕೂರಲು ಒಂದು ಸ್ಟೂಲು ಇರುತ್ತದೆ. ಬಿಸಿಲು ಜೋರಾದಾಗ ನಾನೇ ಒಂದು ಬೈರಾಸನ್ನು ತಲೆಗೆ ಸುತ್ತಿಕೊಂಡೆ.

ದೂರದಲ್ಲಿ ಹಡಗುಗಳು ಸಾಲಾಗಿ ಲಂಗರು ಹಾಕಿ ನಿಂತಿದ್ದವು. ಪಕ್ಕದಲ್ಲೇ ನವಮಂಗಳೂರು ಬಂದರು, 1975ರಲ್ಲಿ ಉದ್ಘಾಟನೆಯಾದದ್ದು. ಒಳಗೆ ಜಾಗ ಸಿಗುವವರೆಗೆ ಹಡಗುಗಳು ಹೊರಗೆ ಕಾಯಬೇಕು. ಕಚ್ಚಾ ಎಣ್ಣೆ, ಕಲ್ಲಿದ್ದಲು, ಅಡುಗೆ ಗ್ಯಾಸು ಎಲ್ಲ ಹೀಗೆಯೇ ಬರುವುದು ಎಂದು ಭಾವ ಒದ್ದೆ ಮೈಯಲ್ಲೇ ನಿಂತು ವಿವರಿಸುತ್ತಿದ್ದರು. ಚರುಮುರಿ ತಿನ್ನುತ್ತಿದ್ದ ನನ್ನವಳ ಕೈ ಅಲ್ಲೇ ನಿಂತಿತು.

“ಗ್ಯಾಸು ಅಲ್ಲಿ ನಿಂತುಕೊಂಡಿದೆಯಾ? ನಾನು ಬುಕ್ ಮಾಡಿ ವಾರ ಆಯ್ತು!”

ಅವಳು ಕೆಂಗಣ್ಣು ಬಿಟ್ಟು ನೋಡಿದ್ದು ಹಡಗನ್ನಲ್ಲ, ನನ್ನನ್ನು. ಹಡಗು ತಂದು ನಿಲ್ಲಿಸಿದವನು ನಾನೇ ಎನ್ನುವ ಹಾಗೆ.

ಅಮ್ಮ ಅಷ್ಟರವರೆಗೆ ನನ್ನ ಪಕ್ಕದಲ್ಲಿ ಬೊಂಡ ಕುಡಿಯುತ್ತಾ ಕೂತಿದ್ದರು. ಅಮಾವಾಸ್ಯೆ ಅಲ್ಲದ ದಿನ ಸಮುದ್ರಕ್ಕೆ ಬಂದದ್ದೇ ಹೆಚ್ಚು ಎನ್ನುವ ಮುಖ. ಆಗ ಕುಚ್ಚು, ಗೆಜ್ಜೆ ಕಟ್ಟಿಸಿಕೊಂಡ ಒಂದು ಒಂಟೆ ನಮ್ಮ ಮುಂದಿನಿಂದ ಹಾದುಹೋಯಿತು. ಅಮ್ಮ ಬೊಂಡ ಕೆಳಗಿಟ್ಟರು.

“ಏತ್ ಮಾರಾಯ?” ಎಂದು ಕೇಳಿದರು.

ಜೀನ್ಸು, ಟೋಪಿ, ಕಪ್ಪು ಕನ್ನಡಕದ ಒಂಟೆಯವ ಎಲ್ಲಿಂದ ಬಂದವನೋ, “ನೂದು ಅಮ್ಮಾ” ಎಂದು ಅಚ್ಚ ತುಳುವಿನಲ್ಲೇ ಉತ್ತರ ಕೊಟ್ಟ.

“ಐವ ಕೊರ್ಪೆ,” ಎಂದು ಅಮ್ಮ ಐವತ್ತಕ್ಕೆ ಇಳಿಸಿದರು.

“ಅಮ್ಮ, ಸೊಂಟ!” ಎಂದು ನಾನು, “ಅತ್ತೆ, ಬಿ.ಪಿ. ಮಾತ್ರೆ!” ಎಂದು ನನ್ನವಳು ಒಟ್ಟಿಗೆ ಕೂಗಿದೆವು. ಅಷ್ಟರಲ್ಲಿ ಒಂಟೆ ಮಂಡಿಯೂರಿಯಾಗಿತ್ತು, ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಯೂ ಆಗಿತ್ತು. ಒಂಟೆ ಏಳುವಾಗ ಮೊದಲು ಹಿಂದಿನ ಕಾಲು, ಆಮೇಲೆ ಮುಂದಿನ ಕಾಲು ಎತ್ತುತ್ತದೆ. ಆ ಎರಡರ ನಡುವಿನ ಕ್ಷಣದಲ್ಲಿ ನಾನು ಧರ್ಮಸ್ಥಳಕ್ಕೆ ಹೇಳಿಕೊಂಡ ಹರಕೆ ಇನ್ನೂ ಬಾಕಿ ಇದೆ. ಅಮ್ಮನಿಗೆ ಏನೂ ಆಗಲಿಲ್ಲ. ಮೇಲಿನಿಂದ ಒಮ್ಮೆ ಪಡುವಣ ಕಡೆಗೆ, ಒಮ್ಮೆ ನಮ್ಮೆಲ್ಲರ ತಲೆಯ ಕಡೆಗೆ ನೋಡಿ, “ನಿನ್ನ ನೆತ್ತಿಯಲ್ಲಿ ಕೂದಲೇ ಇಲ್ಲವಲ್ಲಾ, ಬೈರಾಸು ಸರಿಯಾಗಿ ಸುತ್ತಿಕೋ” ಎಂದರು.

ಭಾವ ಫೋಟೋಕ್ಕೆ ಸಜ್ಜಾದರು. ಒಂಟೆಯವ ತಾನು ಅಡ್ಡ ಬರುತ್ತೇನೆಂದು ಹಗ್ಗವನ್ನು ನನ್ನ ಕೈಗೆ ಕೊಟ್ಟು ಬದಿಗೆ ಸರಿದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಎಲ್ಲರ ಚಪ್ಪಲಿ.

ಆ ರಾತ್ರಿಯೇ ಫೋಟೋ ಕುಟುಂಬದ ವಾಟ್ಸ್ಆಪ್ ಗುಂಪಿಗೆ ಹೋಯಿತು. ಮಸ್ಕತ್ತಿನಲ್ಲಿರುವ ಚಿಕ್ಕಮ್ಮನ ಮಗ, ದಿನಾ ಒಂಟೆ ನೋಡುವವನು, ಎಲ್ಲರಿಗಿಂತ ಮೊದಲು ಬರೆದ: “ದೊಡ್ಡಮ್ಮ ಸೂಪರ್! ಪಕ್ಕದಲ್ಲಿ ನಿಂತದ್ದು ಒಂಟೆಯವನಾ?”

ನಾನು ಕನ್ನಡಕ ಹುಡುಕಿ, ಟೈಪು ಮಾಡಿ ಮುಗಿಸುವಷ್ಟರಲ್ಲಿ ನನ್ನವಳ ಉತ್ತರ ಹೋಗಿಯಾಗಿತ್ತು.

“ಹೌದು. ಐವತ್ತು ರೂಪಾಯಿ. ಊಟ ಬೇರೆ ಕೊಡಬೇಕು.”