ಪ್ರಗತಿಯಲ್ಲಿದೆ!

ಡಿಸೆಂಬರ್ ಕೊನೆ. ಬೆಳಗಾವಿ ಅಧಿವೇಶನ ಮುಗಿಸಿಕೊಂಡು, ಕುಂದಾ ಡಬ್ಬಿ ಸಮೇತ ವಿರೋಧ ಪಕ್ಷದ ಶಾಸಕರು ಊರಿಗೆ ಬಂದಿದ್ದಾರೆ. ವರ್ಷದ ಸಾಧನೆಯ ಪುಸ್ತಿಕೆ ನಾಳೆಯೇ ಅಚ್ಚಿಗೆ ಹೋಗಬೇಕು. (ಕಾಗದ ಮಾತ್ರ ಒಳ್ಳೆಯದು, ಕಪಾಟಿಗೆ ಹಾಸಲು ಊರ ಹೆಂಗಸರು ಕಾಯುತ್ತಿರುತ್ತಾರೆ.)

"ಏನೇನು ಬರ್ಕೊಂಡೆ?" ಪಿಎಯನ್ನು ಕೇಳಿದರು.

"ಎಂಟು ಗುದ್ದಲಿ ಪೂಜೆ, ಸಾರ್. ಮೂರು ಒಂದೇ ರಸ್ತೆಗೆ."

"ರಸ್ತೆ ಗಟ್ಟಿಯಾಗುತ್ತೆ, ಬರಿ."

"ರಸ್ತೆಯೇ ಆಗಿಲ್ವಲ್ಲ ಸಾರ್."

"'ಪ್ರಗತಿಯಲ್ಲಿದೆ' ಅಂತ ಹಾಕು. ಸದನದ್ದು?"

"ಮಾತಾಡಿಲ್ಲ. ಧರಣಿ ದಿನ ನಿಮ್ಮ ಕೈ ಟಿವಿಲಿ ಬಂದಿತ್ತು."

"ಆ ಕೈ ಸುತ್ತ ಕೆಂಪು ಗೆರೆ ಎಳೆಸು. 2 ಕೋಟಿ ಶಾಸಕರ ನಿಧಿ?"

"ಬಸ್ ತಂಗುದಾಣ ಆಯ್ತು. ನಿಮ್ಮ ಫೋಟೋ ದೊಡ್ಡದಾಗಿ, ಬೆಂಚಿಗೆ ಜಾಗ ಸಾಲಲಿಲ್ಲ."

"ಗೃಹಲಕ್ಷ್ಮಿ 2,000 ಕೂಡ ಸೇರಿಸು."

"ಅದು ಸರ್ಕಾರದ್ದು, ಸಾರ್. ನಾವು ವಿರೋಧ ಪಕ್ಷ!"

"ದುಡ್ಡು ಬಂದ ತಿಂಗಳು ನಮ್ಮದು, ಬರದ ತಿಂಗಳು ಅವರದು."

ಅಷ್ಟರಲ್ಲಿ ಖಾಲಿ ಕ್ಯಾನು ಹಿಡಿದು ಅಜ್ಜಿಯೊಬ್ಬಳು ಒಳಬಂದಳು.

"ಏನಪ್ಪಾ, ನೀರಿನ ಘಟಕ ಕೆಟ್ಟು ಕೂತೈತೆ. 5 ರೂಪಾಯಿ ಬಿಲ್ಲೆ ನುಂಗ್ತದೆ, ಒಂದು ತೊಟ್ಟು ಉಗುಳಲ್ಲ."

"ಬಾರಜ್ಜಿ, ಕೂತ್ಕೊ. ಕುಂದಾ ತಿನ್ನು."

"ತಿಂದರೆ ನೀರಡಿಕೆ ಆಗ್ತದಲ್ಲಪ್ಪಾ?"

ಪಿಎ ಪೆನ್ನು ಎತ್ತಿದ. "ಘಟಕದ ರಿಪೇರಿ ಎಲ್ಲಿ ಬರೀಲಿ ಸಾರ್?"

"ಈ ವರ್ಷ ಬೇಡ. ಜನವರಿಗೆ ಒಂದು ಪೂಜೆ ಇಟ್ಕೊಳ್ಳೋಣ. ಶಾಮಿಯಾನದವನಿಗೆ ಈಗಲೇ ಫೋನ್ ಹಾಕು."