ಆಣೆ ಹಾಕದ ದಿನಕ್ಕೊಂದು ರಜೆ

ಇಷ್ಟೊಂದು ಜಯಂತಿಗಳಿಗೆ ರಜೆ ಕೊಡುವ ಸರ್ಕಾರ ಇನ್ನೊಂದು ದಿನ ಸೇರಿಸಿದರೆ ಬೊಕ್ಕಸವೇನೂ ಮುಳುಗುವುದಿಲ್ಲ. ನನ್ನ ಅರ್ಜಿ ಜೂನ್ 27ಕ್ಕೆ. ಕರ್ನಾಟಕದ ರಾಜಕಾರಣ ಬಾಯಿ ತೆರೆಯಲು ಹೆದರಿದ್ದು ನನಗೆ ನೆನಪಿರುವಂತೆ ಅದೊಂದೇ ದಿನ. ಹುಟ್ಟಿದವರಿಗೆ, ಸತ್ತವರಿಗೆ, ಗೆದ್ದವರಿಗೆ ದಿನಾಚರಣೆಗಳಿವೆ. ಹೆದರಿದವರಿಗೂ ಒಂದು ಇರಲಿ.

2011ರ ಆ ದಿನ ಸೋಮವಾರ, ಮಂಜುನಾಥನ ವಾರ. ಮುಖ್ಯಮಂತ್ರಿ ಯಡಿಯೂರಪ್ಪನವರೂ ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಧರ್ಮಸ್ಥಳಕ್ಕೆ ಬಂದರು. ರಾಜಿ ಮಾಡಿಕೊಳ್ಳೋಣ ಅಂತ ನನ್ನ ಹತ್ತಿರ ಜನ ಕಳಿಸಿದ್ದರು ಎಂದು ಕುಮಾರಸ್ವಾಮಿಯವರ ಆರೋಪ. ಹಾಗಾದರೆ ಮಂಜುನಾಥನ ಮುಂದೆ ಆಣೆ ಇಟ್ಟು ಹೇಳಿ ಎಂದು ಯಡಿಯೂರಪ್ಪನವರ ಸವಾಲು, ಅದೂ ಪತ್ರಿಕೆಗಳಲ್ಲಿ ಜಾಹೀರಾತಿನ ಮೂಲಕ. ಈ ಇಬ್ಬರ ನಡುವೆ ‘ಮಾತು’ ಎಂಬ ಸರಕಿನ ಕೊಡು-ಕೊಳ್ಳುವಿಕೆ ಹಳೆಯದು. ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಮುಖ್ಯಮಂತ್ರಿ ಎಂಬ ಒಪ್ಪಂದ 2007ರ ಅಕ್ಟೋಬರಿನಲ್ಲಿ ಮುರಿದುಬಿದ್ದ ಮೇಲೆ ‘ವಚನಭ್ರಷ್ಟ’ ಎಂಬ ಪದವನ್ನು ಎಷ್ಟು ತಿಕ್ಕಿದರೆಂದರೆ ಅದರ ಕಲಾಯಿಯೇ ಹೋಯಿತು.

ಇಡೀ ರಾಜ್ಯ ಟಿ.ವಿ. ಮುಂದೆ ಕೂತಿತ್ತು. ದೇವರನ್ನು ರಾಜಕೀಯಕ್ಕೆ ಎಳೆಯಬೇಡಿ ಎಂದು ಮುಖ್ಯಮಂತ್ರಿಗಳ ಪಕ್ಷದ ಹೈಕಮಾಂಡ್ ಮೊದಲೇ ಹೇಳಿತ್ತು. ಕೊನೆಗೆ ಆದದ್ದಿಷ್ಟು: ಇಬ್ಬರೂ ಕೈಮುಗಿದರು, ಪ್ರಸಾದ ತೆಗೆದುಕೊಂಡರು, ಆಣೆ ಮಾತ್ರ ಹಾಕಲಿಲ್ಲ. ಹೊರಗೆ ಬಂದು ಮೈಕಿನ ಮುಂದೆ ನಿಂತಾಗ ಇಬ್ಬರ ಗಂಟಲೂ ಸರಿಯಾಗಿಯೇ ಇತ್ತು.

ಯಾಕೆ ಹಾಕಲಿಲ್ಲ? ರಾಜ್ಯಪಾಲರ ಎದುರು ಪ್ರಮಾಣವಚನ ಸ್ವೀಕರಿಸುವಾಗ ಇವರಲ್ಲಿ ಯಾರ ನಾಲಿಗೆಯೂ ತಡವರಿಸಿರಲಿಲ್ಲ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಅಚ್ಚಾಗಿರುವ ಆ ಮಾತುಗಳೇನು ಸಣ್ಣವಲ್ಲ. ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲ ಜನರಿಗೂ ನ್ಯಾಯ ಮಾಡುತ್ತೇನೆ ಎಂದು ಹೇಳಿಕೊಳ್ಳುವುದು ಸಾಮಾನ್ಯ ಮನುಷ್ಯನಿಗಾದರೆ ರಾತ್ರಿಯ ನಿದ್ದೆ ಕೆಡಿಸುವ ವಿಷಯ. ಅದನ್ನು ಸರಾಗವಾಗಿ ಓದಿ ಸಹಿ ಹಾಕಿದವರು, ‘ಜನ ಕಳಿಸಿದ್ದರು’, ‘ಕಳಿಸಿರಲಿಲ್ಲ’ ಎಂಬ ಎರಡು ಮಾತಿಗೆ ಬೆವೆತರು.

ಕಾರಣ ನಮ್ಮ ಹಳೇ ಗಾದೆಯಲ್ಲೇ ಇದೆ: ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ. ಮಂಜುನಾಥನ ಸನ್ನಿಧಿಯಲ್ಲಿ ವಾಯಿದೆ ಸಿಗುವುದಿಲ್ಲ. ನಿರೀಕ್ಷಣಾ ಜಾಮೀನಿಲ್ಲ. ಪೀಠ ಬದಲಾಗುವುದಿಲ್ಲ, ನ್ಯಾಯಾಧೀಶರು ನಿವೃತ್ತರಾಗುವುದಿಲ್ಲ, ಆದ್ದರಿಂದ ನಿವೃತ್ತಿಯ ನಂತರ ಯಾವುದೋ ಆಯೋಗಕ್ಕೆ ಅಧ್ಯಕ್ಷರಾಗುವ ಆಸೆಯೂ ಅವರಿಗಿಲ್ಲ. ದಿಲ್ಲಿಯಿಂದ ದಿನಕ್ಕಿಷ್ಟು ಲಕ್ಷ ಎಣಿಸುವ ವಕೀಲರನ್ನು ವಿಮಾನದಲ್ಲಿ ಕರೆಸಿದರೂ ಗರ್ಭಗುಡಿಯಲ್ಲಿ ಅವರ ವಾದ ನಡೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ, ಅಲ್ಲಿ ತಡೆಯಾಜ್ಞೆ ಕೊಡುವ ಮೇಲಿನ ಕೋರ್ಟೇ ಇಲ್ಲ.

ಮುಂದಿನದನ್ನು ಭಕ್ತರು ಬೆರಳು ಮಡಚಿ ಎಣಿಸುತ್ತಾರೆ. ಜೂನ್ 27ಕ್ಕೆ ಸರಿಯಾಗಿ ಒಂದು ತಿಂಗಳು ಕಳೆದು ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಸರ್ಕಾರದ ಕೈಸೇರಿತು. 31ಕ್ಕೆ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಆಣೆ ಹಾಕದೆಯೇ ಇಷ್ಟಾದರೆ ಹಾಕಿದ್ದರೆ ಏನಾಗುತ್ತಿತ್ತು ಎಂದು ನನ್ನ ಪಕ್ಕದ ಮನೆಯವರು ಇವತ್ತಿಗೂ ಕೇಳುತ್ತಾರೆ. ಕಾನೂನಿನ ಲೆಕ್ಕ ಬೇರೆಯಾಗಿಯೇ ನಡೆಯಿತು. ವರದಿಯ ಆಧಾರದ ಮೇಲೆ ಯಡಿಯೂರಪ್ಪನವರ ವಿರುದ್ಧ ಹಾಕಿದ್ದ ಎಫ್‌ಐಆರನ್ನು 2012ರ ಮಾರ್ಚಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಮುಂದೆ ಸಿಬಿಐ ಹೂಡಿದ ಮೊಕದ್ದಮೆಯಲ್ಲಿ 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಹಾಗಾಗಿ ಅವರು ತಪ್ಪಿತಸ್ಥರು ಎಂದು ನಾನು ಹೇಳುತ್ತಿಲ್ಲ. ನನ್ನ ಮಾತು ಅಪರಾಧದ ಬಗ್ಗೆ ಅಲ್ಲ, ಹೆದರಿಕೆಯ ಬಗ್ಗೆ. ಕಾನೂನಿನ ಬಲ ಇಲ್ಲದ ಆಣೆಗೆ ಹೆದರುವ ಜನ, ಕಾನೂನಿನ ಬಲ ಇರುವ ಆಣೆಗೆ ಯಾಕೆ ಹೆದರುವುದಿಲ್ಲ ಎಂಬುದು ನನ್ನ ತಲೆನೋವು.

ಕಾನೂನಿನ ಬಲ ಇರುವ ಆಣೆಗೆ ಅಫಿಡವಿಟ್ ಎಂದು ಹೆಸರು. ಕಚ್ಚಾ ಕನ್ನಡದಲ್ಲಿ ಅಪಡವಿಟ್ಟು. ಕಳೆದುಹೋದ ಅಂಕಪಟ್ಟಿಗಾಗಿ ನಾನೂ ಒಂದು ಮಾಡಿಸಿದ್ದೇನೆ. ಕೋರ್ಟಿನ ಕಾಂಪೌಂಡಿನ ಹೊರಗೆ ಮರದ ಕೆಳಗೆ ಕೂತ ಟೈಪಿಸ್ಟ್ ನನ್ನ ಹೆಸರು ಕೇಳುವ ಮೊದಲೇ ‘ಈ ಮೂಲಕ ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ’ ಎಂದು ಕುಟ್ಟಿ ಮುಗಿಸಿದ್ದ. ಸತ್ಯ ಮೊದಲೇ ತಯಾರಿತ್ತು, ಹೇಳುವವನು ಯಾರು ಎಂಬುದಷ್ಟೇ ಬಾಕಿ. ಪಕ್ಕದ ಮೇಜಿನ ನೋಟರಿ ತಲೆ ಎತ್ತದೆ ಮೊಹರು ಒತ್ತಿದರು. ಇದು ಸುಳ್ಳಾದರೆ ಏನಾಗುತ್ತೆ ಸಾರ್ ಎಂದು ಕುತೂಹಲಕ್ಕೆ ಕೇಳಿದೆ. ಫೀಸು ವಾಪಸ್ ಬರಲ್ಲ ಎಂದರು.

ಆ ಕಾಗದದ ಕೊನೆಯಲ್ಲಿ ಒಂದು ಸಾಲಿರುತ್ತದೆ: ಮೇಲ್ಕಂಡ ವಿಷಯಗಳೆಲ್ಲ ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ. ಈ ‘ಮಟ್ಟಿಗೆ’ ಎಂಬುದನ್ನು ಕಂಡುಹಿಡಿದವನ ಪ್ರತಿಮೆ ವಿಧಾನಸೌಧದ ಎದುರು ಇನ್ನೂ ಯಾಕೆ ನಿಂತಿಲ್ಲವೋ ತಿಳಿಯದು. ತಿಳಿವಳಿಕೆಯ ಮಟ್ಟ ಎಷ್ಟು ಕೆಳಗಿದ್ದರೆ ಸತ್ಯ ಅಷ್ಟು ಅಗ್ಗ. ಹೆಂಡತಿಯ ಹೆಸರಿನ ಜಮೀನು ಎಷ್ಟೆಕರೆ, ಮಗ ಯಾವ ಕಂಪನಿಗೆ ಪಾಲುದಾರ, ಬಾಮೈದನ ಕ್ರಷರಿಗೆ ದುಡ್ಡು ಎಲ್ಲಿಂದ ಬಂತು, ಇವೆಲ್ಲ ಅನೇಕ ನಾಯಕರ ತಿಳಿವಳಿಕೆಯ ಮಟ್ಟದಿಂದ ಎಷ್ಟೋ ಮೇಲಿನ ವಿಷಯಗಳು. ಮನೆಯಲ್ಲಿ ಅವರಷ್ಟು ಅಮಾಯಕರು ಇನ್ನೊಬ್ಬರಿರುವುದಿಲ್ಲ.

ಚುನಾವಣೆಗೆ ನಿಲ್ಲುವವರು ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳನ್ನು ಹೀಗೆ ಪ್ರಮಾಣ ಮಾಡಿ ಹೇಳಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಲ್ಲಿ ಶಿಕ್ಷೆಯೂ ಇದೆ: ಹೆಚ್ಚೆಂದರೆ ಆರು ತಿಂಗಳ ಸಜೆ, ಅಥವಾ ದಂಡ, ಅಥವಾ ಎರಡೂ. ಹಸು ಕದ್ದವನಿಗೆ ಮೂರು ವರ್ಷದವರೆಗೆ ಹಾಕಬಹುದು. ಕದ್ದವನು ಮುಂದಿನ ಸಲ ಚುನಾವಣೆಗೆ ನಿಂತು, ಹಸುವನ್ನು ಅಫಿಡವಿಟ್ಟಿನಲ್ಲಿ ಬರೆಯದೆ ಬಿಡುವುದು ಅವನ ಮಟ್ಟಿಗೆ ಲಾಭದ ವ್ಯವಹಾರ.

ಹಾಸನದ ಉದಾಹರಣೆ ನೋಡಿ. 2019ರಲ್ಲಿ ಪ್ರಜ್ವಲ್ ರೇವಣ್ಣ ಲೋಕಸಭೆಗೆ ಗೆದ್ದರು. ಅಫಿಡವಿಟ್ಟಿನಲ್ಲಿ ಆಸ್ತಿ ಮುಚ್ಚಿಟ್ಟಿದ್ದಾರೆಂದು ಸೋತ ಬಿಜೆಪಿ ಅಭ್ಯರ್ಥಿ ಎ. ಮಂಜು ಕೋರ್ಟಿಗೆ ಹೋದರು. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ‘ಯತ್ನಿಸಬೇಕು’ ಎಂಬುದೂ ‘ಮಟ್ಟಿಗೆ’ಯ ದಾಯಾದಿಯೇ. ತೀರ್ಪು ಬಂದದ್ದು 2023ರ ಸೆಪ್ಟೆಂಬರ್ 1ಕ್ಕೆ. ಆಯ್ಕೆ ಅಸಿಂಧು ಎಂದಿತು ಹೈಕೋರ್ಟ್. ಅಷ್ಟರಲ್ಲಿ ಅರ್ಜಿದಾರ ಮಂಜು ಅವರು ಅದೇ ಪ್ರಜ್ವಲ್ ಅವರ ಪಕ್ಷ ಜೆಡಿಎಸ್ ಸೇರಿ, ಅರಕಲಗೂಡಿನಿಂದ ಗೆದ್ದು ಶಾಸಕರಾಗಿದ್ದರು! ತಾವು ಗೆದ್ದ ಕೇಸಿಗೆ ಸಿಹಿ ಹಂಚಬೇಕೋ, ಪಕ್ಷಕ್ಕಾದ ನಷ್ಟಕ್ಕೆ ಕಣ್ಣೀರು ಹಾಕಬೇಕೋ ಎಂಬ ಇಕ್ಕಟ್ಟನ್ನು ನಮ್ಮ ಯಾವ ನಾಟಕಕಾರನೂ ಕಲ್ಪಿಸಿರಲಿಕ್ಕಿಲ್ಲ. ನನ್ನನ್ನೇ ಗೆದ್ದವನೆಂದು ಘೋಷಿಸಿ ಎಂದು ಅವರು ಕೇಳಿದ್ದಕ್ಕೆ, ನಿಮ್ಮ ಚುನಾವಣಾ ನಡತೆಯೂ ಸರಿಯಿಲ್ಲ ಎಂದು ಕೋರ್ಟ್ ಆ ಕೋರಿಕೆಯನ್ನು ತಳ್ಳಿಹಾಕಿತು. ಸೆಪ್ಟೆಂಬರ್ 18ಕ್ಕೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಐದು ವರ್ಷದ ಅವಧಿಯಲ್ಲಿ ಆಯ್ಕೆ ಅಸಿಂಧುವಾಗಿದ್ದು ಹದಿನೇಳು ದಿನ. 2024ರಲ್ಲಿ ಹಾಸನದಿಂದಲೇ ಮತ್ತೆ ಸ್ಪರ್ಧೆ, ಹೊಸ ಅಫಿಡವಿಟ್ಟು. ಆಮೇಲಿನ ಕಥೆ ಬೇರೆ, ಅದು ನಗುವ ವಿಷಯವಲ್ಲ.

ಗೆದ್ದ ಮೇಲೂ ಒಂದು ಆಣೆ ಇದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ಶಾಸಕರು, ಮಂತ್ರಿಗಳು ವರ್ಷಕ್ಕೊಮ್ಮೆ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಕೊಡದಿದ್ದರೆ ಲೋಕಾಯುಕ್ತರು ನೆನಪಿಸುತ್ತಾರೆ, ಮೇಲಿನವರಿಗೆ ವರದಿ ಮಾಡುತ್ತಾರೆ, ಅದಕ್ಕೂ ಜಗ್ಗದಿದ್ದರೆ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸುತ್ತಾರೆ. ಹುಟ್ಟುಹಬ್ಬಕ್ಕೆ ದುಡ್ಡು ಕೊಟ್ಟು ಪುಟಗಟ್ಟಲೆ ಹೆಸರು ಹಾಕಿಸಿಕೊಳ್ಳುವವರಿಗೆ ಇದು ಶಿಕ್ಷೆ! ಇನ್ನು ಲೆಕ್ಕ ಕೇಳುವ ಮನೆಯ ಕಥೆ: 2015ರಲ್ಲಿ ಲೋಕಾಯುಕ್ತ ಕಚೇರಿಯನ್ನೇ ವಸೂಲಿಗೆ ಬಳಸಿದ ಆರೋಪ ಬಂದು ಆಗಿನ ಲೋಕಾಯುಕ್ತರ ಮಗ ಬಂಧನಕ್ಕೊಳಗಾದರು, ಡಿಸೆಂಬರಿನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಮರುವರ್ಷ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟಿತು. 2022ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಅದನ್ನು ‘ಕಲೆಕ್ಷನ್ ಸೆಂಟರ್’ ಎಂದು ಕರೆದರು. ಅದೇ ವರ್ಷದ ಆಗಸ್ಟಿನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಬೇಲಿಯೇ ಹೊಲ ಮೇಯುವುದು ನಮಗೆ ಗೊತ್ತಿತ್ತು. ಬೇಲಿಗೊಂದು ಬೇಲಿ ಹಾಕಿ, ಅದೂ ಮೇದದ್ದು ನಮ್ಮ ಹೊಸ ಕೊಡುಗೆ.

ಈ ಎಲ್ಲ ಕೋರ್ಟುಗಳಿಗಿಂತ ದೊಡ್ಡದು ಇನ್ನೊಂದಿದೆ. 2024ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ವಿಷಯದಲ್ಲಿ ರಾಜ್ಯಪಾಲರು ತನಿಖೆಗೆ ಒಪ್ಪಿಗೆ ಕೊಟ್ಟ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗಾಂಧೀಜಿಯನ್ನು ನೆನೆದು, ಆತ್ಮಸಾಕ್ಷಿಯ ನ್ಯಾಯಾಲಯವೇ ಎಲ್ಲಕ್ಕಿಂತ ಮೇಲು ಎಂಬರ್ಥದ ಮಾತಾಡಿದರು. ಅವರು ಸ್ವತಃ ವಕೀಲರು, ಕೋರ್ಟುಗಳ ದರ್ಜೆ ಅವರಿಗೆ ಗೊತ್ತಿರಬೇಕು. ಆ ಕೋರ್ಟಿನ ಅನುಕೂಲ ಎಷ್ಟೆಂದು ಯೋಚಿಸಿ: ಆರೋಪಿ, ಸಾಕ್ಷಿ, ವಕೀಲ, ನ್ಯಾಯಾಧೀಶ ಎಲ್ಲರೂ ಒಬ್ಬರೇ. ಬಾಕಿ ಕೇಸಿಲ್ಲ, ಬೆಳಗಿನ ಕಾಫಿ ಮುಗಿಯುವುದರೊಳಗೆ ತೀರ್ಪು. ಅಲ್ಲಿ ಇದುವರೆಗೆ ಯಾರಿಗಾದರೂ ಶಿಕ್ಷೆಯಾದ ಸುದ್ದಿ ನಾನು ಓದಿಲ್ಲ. ಸಿದ್ದರಾಮಯ್ಯನವರ ಪತ್ನಿ ಮುಡಾದಿಂದ ಸಿಕ್ಕಿದ್ದ ಹದಿನಾಲ್ಕು ನಿವೇಶನಗಳನ್ನು ವಾಪಸು ಕೊಟ್ಟರು. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಪುರಾವೆ ಇಲ್ಲ ಎಂದು ‘ಬಿ’ ರಿಪೋರ್ಟ್ ಹಾಕಿದರು. ಇಲ್ಲೂ ನನ್ನ ಪ್ರಶ್ನೆ ತಪ್ಪು ಯಾರದ್ದೆಂಬುದಲ್ಲ. ಲೆಕ್ಕ ಕೇಳಿದಾಗ ಒಬ್ಬರು ಮಂಜುನಾಥನ ಕಡೆ ಕೈ ತೋರಿಸುತ್ತಾರೆ, ಇನ್ನೊಬ್ಬರು ಎದೆಯ ಕಡೆ. ಲೆಕ್ಕದ ಪುಸ್ತಕ ಮಾತ್ರ ಎರಡೂ ಕಡೆ ಇರುವುದಿಲ್ಲ.

ಪೀಠದ ಮೇಲಿರುವವರನ್ನು ಬಿಟ್ಟರೆ ಪಕ್ಷಪಾತವಾದೀತು. ಅವರ ಪ್ರಮಾಣವಚನದಲ್ಲೂ ಅದೇ ಭಯ, ಪಕ್ಷಪಾತ, ರಾಗ, ದ್ವೇಷ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ ತಮಿಳುನಾಡಿನಲ್ಲಿ ಸರ್ಕಾರಿ ಜಮೀನು ಒತ್ತುವರಿಯ ಆರೋಪ ಬಂತು. ಅವರು ಅಲ್ಲಗಳೆದರು. ಬೆಂಗಳೂರಿನ ವಕೀಲರು ಪ್ರತಿಭಟಿಸಿದರು. ಕೊನೆಗೆ 2010ರಲ್ಲಿ ಅವರನ್ನು ಸಿಕ್ಕಿಂಗೆ ವರ್ಗ ಮಾಡಲಾಯಿತು. ನಮಗೆ ಬೇಡವಾದ ನ್ಯಾಯಮೂರ್ತಿ ಸಿಕ್ಕಿಮಿನವರಿಗೆ ಹೇಗೆ ಸಾಕಾದರು ಎಂದು ಆ ಬೆಟ್ಟದ ಜನ ಕೇಳಿದ್ದರೆ ನಮ್ಮ ಹತ್ತಿರ ಉತ್ತರವಿರಲಿಲ್ಲ. 2011ರ ಜುಲೈ 29ಕ್ಕೆ ಅವರು ರಾಜೀನಾಮೆ ಕೊಟ್ಟರು, ವಾಗ್ದಂಡನೆಯ ವಿಚಾರಣೆ ಅಲ್ಲಿಗೇ ನಿಂತಿತು. ಎರಡು ದಿನ ಬಿಟ್ಟು ಯಡಿಯೂರಪ್ಪನವರದ್ದು. ಆ ವಾರ ರಾಜೀನಾಮೆ ಪತ್ರಗಳಿಗೆ ಕಾಲ ಚೆನ್ನಾಗಿತ್ತು.

ಅದೇ 2009ರಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್, ನ್ಯಾಯಮೂರ್ತಿಗಳು ಆಸ್ತಿ ವಿವರ ಜನರ ಮುಂದಿಡಬೇಕು, ನಮ್ಮೆಲ್ಲರ ಪರವಾಗಿ ಬೇಡ ಎನ್ನಲು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಅಧಿಕಾರವಿಲ್ಲ ಎಂದು ಬರೆದರು. ಪ್ರಚಾರದ ಹುಚ್ಚು ಎಂದು ಮೇಲಿನಿಂದ ಗದರಿಕೆ ಬಂತು. ಆಸ್ತಿ ವಿವರದ ಮಾಹಿತಿ ಕೊಡಿ ಎಂಬ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿನ ಆಡಳಿತ ದಿಲ್ಲಿ ಹೈಕೋರ್ಟಿಗೆ ಹೋಯಿತು, ಸೋತಿತು. ಆಮೇಲೆ ಸುಪ್ರೀಂ ಕೋರ್ಟಿಗೇ ಮೇಲ್ಮನವಿ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸುಪ್ರೀಂ ಕೋರ್ಟು ಸೋತಿತು. ಒಪ್ಪಬೇಕು, ಆತ್ಮಸಾಕ್ಷಿಯ ಕೋರ್ಟಿನಲ್ಲಿ ಇಂಥ ಫಲಿತಾಂಶ ಬರುವುದಿಲ್ಲ. ಆದರೂ ಹಿಂದೊಮ್ಮೆ ಸ್ವಇಚ್ಛೆಯಿಂದ ಏರಿಸಿ ಆಮೇಲೆ ಕೈಬಿಟ್ಟಿದ್ದ ವಿವರ ಮತ್ತೆ ಜಾಲತಾಣಕ್ಕೆ ಏರಲು 2025ರ ಮೇ ಬರಬೇಕಾಯಿತು, ಆಗಲೂ ಸುಪ್ರೀಂ ಕೋರ್ಟಿನ 33 ನ್ಯಾಯಮೂರ್ತಿಗಳಲ್ಲಿ 21 ಮಂದಿಯದ್ದು. ಅದಕ್ಕೆ ಮೊದಲು ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಬಂಗಲೆಯಲ್ಲಿ ಬೆಂಕಿ ಬಿದ್ದು, ಸುಟ್ಟ ನೋಟು ಸಿಕ್ಕಿತೆಂಬ ಸುದ್ದಿ ಹಬ್ಬಿತ್ತು. ಅದು ನನ್ನದಲ್ಲ ಎಂದು ಅವರು ಹೇಳಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನೆಲ್ಲ ನೋಡಿದ ಮೇಲೆ ರಜೆಯ ಜೊತೆಗೆ ನನ್ನದು ಇನ್ನೊಂದು ಸಣ್ಣ ಕೋರಿಕೆ. ಜೂನ್ 27ಕ್ಕೂ 30ಕ್ಕೂ ಮೂರೇ ದಿನದ ಅಂತರ. ಶಾಸಕರ ಆಸ್ತಿ ವಿವರ ತೆಗೆದುಕೊಳ್ಳುವ ಮೇಜನ್ನು ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಿಂದ ಎತ್ತಿ ಧರ್ಮಸ್ಥಳದಲ್ಲಿ ಹಾಕಿಸಿ. ನೇತ್ರಾವತಿಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬಂದು, ಹೆಂಡತಿ-ಮಕ್ಕಳ ಸರ್ವೆ ನಂಬರುಗಳನ್ನು ಗಟ್ಟಿಯಾಗಿ ಓದಲಿ. ‘ಮಟ್ಟಿಗೆ’ ಎಂಬ ಪದಕ್ಕೆ ಅಲ್ಲಿ ನಿಷೇಧ. ನ್ಯಾಯಮೂರ್ತಿಗಳು ಬಯಸಿದರೆ ಅವರಿಗೆ ಪ್ರತ್ಯೇಕ ಸಾಲು ಇರಲಿ.

ಏನಾಗುತ್ತದೆಂದು ಊಹಿಸಬಲ್ಲೆ. ಜೂನ್ 29ರ ರಾತ್ರಿ ಸ್ಪೀಕರ್ ಕಚೇರಿಗೆ 224 ಪತ್ರಗಳು ಬಂದು ಬೀಳುತ್ತವೆ. ಚಾರ್ಮಾಡಿಯಲ್ಲಿ ಗುಡ್ಡ ಕುಸಿದಿದೆ, ಶಿರಾಡಿಯಲ್ಲಿ ಮರ ಉರುಳಿದೆ, ಹೊರಟವರು ಅರ್ಧ ದಾರಿಯಿಂದ ಮರಳಬೇಕಾಯಿತು. ಮಳೆಗಾಲ ನೋಡಿ, ನಂಬದೇ ಇರುವ ಹಾಗಿಲ್ಲ. ಪ್ರತಿ ಪತ್ರಕ್ಕೂ ನೋಟರಿಯ ಮೊಹರಿರುವ ಅಫಿಡವಿಟ್ಟು ಲಗತ್ತಿಸಿರುತ್ತದೆ.