ಕೆರೆ ಏರಿಯ ಕೌನ್ಸೆಲಿಂಗು

ಮೈಸೂರಿನ ಮಕ್ಕಳಿಗೆ ಸರಿಯಾದ ಮಾರ್ಗದರ್ಶನ ಸಿಗುತ್ತಿಲ್ಲ ಎಂದು ಯಾರಾದರೂ ಭಾಷಣ ಬಿಗಿದರೆ, ಅವರು ಊರಿಗೆ ಹೊಸಬರೆಂದು ತಿಳಿಯಿರಿ. ಇಲ್ಲಿ ನಲ್ಲಿಯಲ್ಲಿ ನೀರು ನಿಲ್ಲಬಹುದು, ಕಂಬದಲ್ಲಿ ಕರೆಂಟು ನಿಲ್ಲಬಹುದು, ಸಲಹೆ ನಿಂತದ್ದನ್ನು ಕಂಡವರಿಲ್ಲ. ಅನುಮಾನವಿದ್ದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ಮಗನನ್ನೋ ಮಗಳನ್ನೋ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿಸಿಕೊಂಡು ಬನ್ನಿ. ಸುತ್ತು ಮುಗಿಯುವಷ್ಟರಲ್ಲಿ ಆ ಮಗು ಡಾಕ್ಟರಾಗಿ, ಸಿಎ ಆಗಿ, ಮರ್ಚೆಂಟ್ ನೇವಿ ಸೇರಿ, ಕೆನಡಾದಲ್ಲಿ ನೆಲೆಸಿ, ವಾಪಸ್ ಬಂದು ಬೋಗಾದಿ ಕಡೆ ಸೈಟು ಕೊಂಡಾಗಿರುತ್ತದೆ.

ಕೆರೆ ಏರಿಯ ಸಲಹೆಗಾರರಲ್ಲಿ ಎರಡು ಪಂಗಡ. ತಮ್ಮ ಮಗ ಏನು ಓದಿ ನ್ಯೂಜೆರ್ಸಿ ಸೇರಿದನೋ ಅದನ್ನೇ ಓದಿ ಎನ್ನುವವರು ಒಂದು ಕಡೆ. ತಾವು ಏನು ಓದಲಾಗದೆ ಬ್ಯಾಂಕು ಸೇರಿ ರಿಟೈರಾದರೋ ಅದನ್ನೇ ಓದಿ ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ಮೊದಲ ಪ್ರಶ್ನೆ ಒಂದೇ: “ಎಷ್ಟು ಬಂತಪ್ಪಾ?” 625ಕ್ಕೆ 600 ಎಂದರೆ, “ಪಿಸಿಎಂಬಿ ತೊಗೊಂಬಿಡು.” 540 ಎಂದರೂ, “ಪಿಸಿಎಂಬಿ ತೊಗೊಂಬಿಡು.” 400 ಎಂದರೆ ಒಂದು ಗಳಿಗೆ ಮೌನ, ನಡುಗಡ್ಡೆಯ ಹೆಜ್ಜಾರ್ಲೆಗಳ ಕಡೆ ಒಂದು ನೋಟ, ಆಮೇಲೆ ಸ್ವರ ತಗ್ಗಿಸಿ, “ಯಾವ್ದಾದ್ರೂ ಹೊಸಾ ಕಾಲೇಜಲ್ಲಿ ಪಿಸಿಎಂಬಿ ಕೊಡ್ತಾರಂತೆ, ವಿಚಾರ್ಸಿ.” ‘ನಿನಗೇನಿಷ್ಟ’ ಎಂಬ ಪ್ರಶ್ನೆಯೂ ಇಲ್ಲವೆಂದಲ್ಲ, ಇದೆ, ಆದರೆ ಅದನ್ನು ಅಪ್ಪನಿಗೆ ಕೇಳುತ್ತಾರೆ. “ಇವನಿಗೆ ಏನಿಷ್ಟವಂತೆ ಸಾರ್?” ಪಕ್ಕದಲ್ಲೇ ನಿಂತ ಹುಡುಗ ಷೂ ಲೇಸು ಕಟ್ಟಿಕೊಳ್ಳಲು ಬಗ್ಗುತ್ತಾನೆ.

ತಮಾಷೆ ಏನು ಗೊತ್ತೇ? ಇದೇ ಕೆರೆಯಾಚೆ, ಮಾನಸಗಂಗೋತ್ರಿ ಕಡೆ, ಹೆಚ್ಚುಕಡಿಮೆ ಈ ಕೆಲಸಕ್ಕೆಂದೇ ಸರ್ಕಾರ ಒಂದು ಕಾಲೇಜು ಕಟ್ಟಿಸಿತ್ತು. ಮಕ್ಕಳನ್ನೆಲ್ಲ ಒಂದೇ ದಾರಿಗೆ ಅಟ್ಟಬೇಡಿ, ಹೈಸ್ಕೂಲಿನಲ್ಲೇ ತಾಂತ್ರಿಕ, ಕೃಷಿ, ವಾಣಿಜ್ಯ, ಲಲಿತಕಲೆ, ಗೃಹವಿಜ್ಞಾನ ಅಂತ ಕವಲುಗಳಿರಲಿ, ಯಾರಿಗೆ ಯಾವುದು ಎಂದು ತಿಳಿದು ಹೇಳುವವರೂ ಇರಲಿ ಎಂದು 1952–53ರ ಮೊದಲಿಯಾರ್ ಆಯೋಗ ಹೇಳಿತು. ಅಂಥ ಬಹೂದ್ದೇಶ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಲು ದೇಶದಲ್ಲಿ ನಾಲ್ಕು ಕಾಲೇಜುಗಳಾದವು: ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು. ನಮ್ಮದು 1963ರದು, ಈಗ ಆರ್‌ಐಇ ಅನ್ನುತ್ತೇವಲ್ಲ, ಅದೇ. ಬಹೂದ್ದೇಶ ಶಾಲೆಗಳ ಯೋಜನೆ ಮೂಲೆ ಸೇರಿತು. ಆರ್‌ಐಇ ಆವರಣದ ಸ್ಕೂಲಿನ ಹೆಸರಿನಲ್ಲಿ ಮಾತ್ರ ಆ ‘ಮಲ್ಟಿಪರ್ಪಸ್’ ಇನ್ನೂ ಉಳಿದಿದೆ. ಗೈಡೆನ್ಸ್ ಮತ್ತು ಕೌನ್ಸೆಲಿಂಗಿನಲ್ಲಿ ಡಿಪ್ಲೊಮಾ ಕೋರ್ಸು ಕೂಡ ಅಲ್ಲಿ ನಡೆದಿದೆ. ಹೀಗೆ ಕೆರೆಯಾಚೆ ಸರ್ಟಿಫಿಕೇಟು ಇದ್ದವರು, ಈಚೆ ಮಂಕಿ ಕ್ಯಾಪು ಇದ್ದವರು. ಊರು ಯಾರ ಮಾತು ಕೇಳಿತು ಎಂದು ಬೇರೆ ಹೇಳಬೇಕೆ?

ಈ ಉಪದೇಶ ಎಸ್‌ಎಸ್‌ಎಲ್‌ಸಿಗೆ ಶುರುವಾಗುತ್ತದೆ ಅಂದುಕೊಂಡಿದ್ದರೆ ನೀವು ಪಾಪದವರು. ಎಲ್‌ಕೆಜಿ ಮಗುವನ್ನು ‘ದೊಡ್ಡೋನಾದ್ಮೇಲೆ ಏನಾಗ್ತೀಯ ಪುಟ್ಟಾ’ ಎಂದು ಕೇಳಿ. ಮೈಸೂರಿನ ಮಗುವಾಗಿದ್ದು, ದಸರಾ ಈಗಷ್ಟೇ ಮುಗಿದಿದ್ದರೆ, ಅದು ಮಾವುತನಾಗುತ್ತೇನೆ ಎನ್ನುತ್ತದೆ. ಅಂಬಾರಿ ಆನೆಯ ಕತ್ತಿನ ಮೇಲೆ ಕೂತು ಬನ್ನಿಮಂಟಪದವರೆಗೆ ಹೋಗುವುದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ, ನನಗಂತೂ ಗೊತ್ತಿಲ್ಲ. ಮನೆಯವರೆಲ್ಲ ನಕ್ಕು, ಫೋನಿನಲ್ಲಿ ಅಜ್ಜಿಗೆ ಹೇಳಿ ಇನ್ನೊಮ್ಮೆ ನಗುತ್ತಾರೆ. ಐದನೇ ಕ್ಲಾಸಿನ ಹೊತ್ತಿಗೆ ಮಗು ಚುರುಕಾಗಿರುತ್ತದೆ: ಎಂಜಿನಿಯರ್ ಅಂದರೆ ಯಾರೂ ನಗುವುದಿಲ್ಲ.

ಆಗ ಬರುತ್ತದೆ ಬೆರಳಚ್ಚು. ನಮ್ಮಜ್ಜಿ ಜಾತಕ ಹಿಡಿದು ಜೋಯಿಸರ ಮನೆಗೆ ಹೋಗುತ್ತಿದ್ದಳು. ಅವರು ಕವಡೆ ಬಿಟ್ಟು, ‘ಹುಡುಗನಿಗೆ ವಿದ್ಯೆ ಇದೆ, ಶನಿ ಬಿಡಬೇಕು’ ಎಂದು ವೀಳ್ಯದ ಮೇಲಿನ ದಕ್ಷಿಣೆ ತೆಗೆದುಕೊಳ್ಳುತ್ತಿದ್ದರು. ಈಗ ಎ.ಸಿ. ರೂಮಿನಲ್ಲಿ ಟೈ ಕಟ್ಟಿದವರು ಮಗುವಿನ ಹತ್ತೂ ಬೆರಳನ್ನು ಸ್ಕ್ಯಾನರಿಗೆ ಒತ್ತಿಸಿ, ಮೆದುಳಿನ ಎಡಭಾಗ ಇಷ್ಟು ಪರ್ಸೆಂಟು, ಬಲಭಾಗ ಅಷ್ಟು ಪರ್ಸೆಂಟು ಅಂತ ಬಣ್ಣದ ಪುಸ್ತಕವನ್ನೇ ಮಾಡಿಕೊಡುತ್ತಾರೆ. ಬೆರಳಿನ ಗೆರೆಗೂ ಮಗು ಮುಂದೆ ಏನಾದೀತು ಎಂಬುದಕ್ಕೂ ಸಂಬಂಧವಿದೆ ಎನ್ನಲು ವಿಜ್ಞಾನದ ಆಧಾರವಿಲ್ಲ. ಜೋಯಿಸರೇ ವಾಸಿ, ಜಿಎಸ್‌ಟಿ ಹಾಕುತ್ತಿರಲಿಲ್ಲ.

ಎಂಟನೇ ಕ್ಲಾಸಿಗೆ ‘ಐಐಟಿ ಫೌಂಡೇಷನ್’. ಅದೇ ಎಂಟನೇ ಕ್ಲಾಸಿನಲ್ಲಿ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಫೌಂಡೇಷನ್ನಿನ ಫ್ಲೆಕ್ಸು ನಮ್ಮ ಬೀದಿಯ ಮೂರು ಕಂಬದಲ್ಲಿದೆ. ಎನ್‌ಎಂಎಂಎಸ್ ವಿಷಯ ನಮ್ಮ ಮನೆಗೆಲಸದಾಕೆಯ ಮಗನಿಗೆ ಮೇಷ್ಟ್ರೊಬ್ಬರು ಹೇಳಿದರಂತೆ. ಕೆರೆ ಏರಿಯಲ್ಲಿ ಕೇಳಿ ನೋಡಿದೆ, ‘ಅದ್ಯಾವ ಚಾನೆಲ್ಲು’ ಅಂದರು.

ಮತ್ತೆ ಪಿಸಿಎಂಬಿಗೇ ಬರೋಣ, ಬಾರದೆ ಬಿಡುತ್ತಾರೆಯೇ? ಅದರ ಹಿಂದಿನ ತರ್ಕ ಹೀಗೆ: “ಎರಡೂ ಕಡೆ ಬಾಗ್ಲು ತೆಗ್ದಿರುತ್ತೆ ಕಣಮ್ಮ, ಈ ಕಡೆ ಮೆಡಿಕಲ್, ಆ ಕಡೆ ಎಂಜಿನಿಯರಿಂಗ್.” ಎರಡೂ ಬಾಗಿಲು ತೆಗೆದ ಮನೆಯಲ್ಲಿ ಕೂತು ಓದುವ ಮಗುವಿಗೆ ಎರಡು ವರ್ಷ ಥಂಡಿಯೇ. ಬೆಳಿಗ್ಗೆ ಕಾಲೇಜು, ಸಂಜೆ ನೀಟು, ಭಾನುವಾರ ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಎಂಬುದು ಎಷ್ಟೋ ಅಪ್ಪಂದಿರಿಗೆ ತಿಳಿಯುವುದು ಪಿಯುಸಿ ಪರೀಕ್ಷೆ ಮುಗಿದ ಮೇಲೆ.

ಆರ್ಟ್ಸ್ ತೊಗೊಂಡೆ ಎಂದವರನ್ನು ಸಾವಿನ ಮನೆಯ ಧ್ವನಿಯಲ್ಲಿ ಮಾತಾಡಿಸುತ್ತಾರೆ: “ಹೋಗ್ಲಿ ಬಿಡಿ, ಏನ್ಮಾಡೋಕಾಗುತ್ತೆ.” ಇದೇ ಮಂದಿಯ ಮಗ ಬಿ.ಇ. ಮುಗಿಸಿ, ಕೆಲಸ ಬಿಟ್ಟು, ಐಎಎಸ್‌ಗೆ ಅಂತ ಮುಕ್ತ ವಿಶ್ವವಿದ್ಯಾನಿಲಯದ ಕೋಚಿಂಗಿನಲ್ಲಿ ಕೂತು ಸಂವಿಧಾನ, ಇತಿಹಾಸ, ಅರ್ಥಶಾಸ್ತ್ರ ಉರು ಹೊಡೆಯುತ್ತಿರುತ್ತಾನೆ. ಎಚ್‌ಇಪಿಎಸ್ ಹುಡುಗಿ ಅದನ್ನು ಪಿಯುಸಿಯಲ್ಲೇ ಓದಿ ಮುಗಿಸಿದ್ದಳು. ಡಿಪ್ಲೊಮಾ ಸೇರಿದವನ ಗತಿಯೂ ಇದೇ. ‘ಬರೀ ಡಿಪ್ಲೊಮಾನಾ?’ ಎಂದವರಿಗೆ, ಅವನು ಮೂರು ವರ್ಷ ಮುಗಿಸಿ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೇ ನೇರವಾಗಿ ಬಂದು ಕೂತಾಗ ಗೊತ್ತಾಗುತ್ತದೆ.

ಬಿ.ಇ.ಗೆ ಸಾಕ್ಷಿಯಾಗಿ ಕೆರೆ ಏರಿಯವರು ತಪ್ಪದೆ ಹಾಜರುಪಡಿಸುವುದು ನಾರಾಯಣಮೂರ್ತಿಯವರನ್ನು. “ನಮ್ಮ ಎನ್‌ಐಇ ಕಣ್ರೀ, 67ರ ಬ್ಯಾಚು!” ನಿಜವೇ. ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ, ಬಿ.ಇ. ಓದಿದರೆ ಫಾಸ್ಟ್ ಬೌಲಿಂಗ್ ಬರುತ್ತದೆ ಎಂದು ಹೇಳಲು ಧೈರ್ಯ ಸಾಲದೇನೋ. ಇನ್ನು ಆರ್.ಕೆ. ನಾರಾಯಣ್. ಅಪ್ಪ ಮಹಾರಾಜ ಹೈಸ್ಕೂಲಿನ ಹೆಡ್‌ಮಾಸ್ಟರು, ಮಗ 1925ರಲ್ಲಿ ಯೂನಿವರ್ಸಿಟಿ ಎಂಟ್ರೆನ್ಸಿನಲ್ಲಿ ಡುಮ್ಕಿ, ಅದೂ ಇಂಗ್ಲಿಷಿನಲ್ಲಿ! ಆ ಖಾಲಿ ವರ್ಷವನ್ನು ಅವರು ಕಳೆದದ್ದು ಇದೇ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ, ಓದುತ್ತಾ ಅಲೆಯುತ್ತಾ. ಆಗ ಏರಿ ಮೇಲೆ ಇಷ್ಟು ವಾಕಿಂಗ್ ಮಂದಿ ಇರಲಿಲ್ಲ, ಪುಣ್ಯ. ಇದ್ದಿದ್ದರೆ ಮಾಲ್ಗುಡಿ ಊರು ಹುಟ್ಟುತ್ತಲೇ ಇರಲಿಲ್ಲ, ಒಬ್ಬ ಹೆಡ್ ಕ್ಲರ್ಕ್ ಹುಟ್ಟುತ್ತಿದ್ದ.

ಈ ಊರಿನಲ್ಲಿ ಫಲ ಕೊಟ್ಟ ಕೌನ್ಸೆಲಿಂಗು ಒಂದು ನಡೆದದ್ದು 1924ರಲ್ಲಿ. ಕುಪ್ಪಳಿಯಿಂದ ಓದಲು ಬಂದಿದ್ದ ಪುಟ್ಟಪ್ಪ ಎಂಬ ವಿದ್ಯಾರ್ಥಿ ತಾನು ಇಂಗ್ಲಿಷಿನಲ್ಲಿ ಬರೆದ ಕವನಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದ. ನಿನ್ನ ಭಾಷೆಯಲ್ಲಿ ಬರೆ ಎಂದರು ಅವರು. ಹುಡುಗ ಮುಂದೆ ಕುವೆಂಪು ಆದ. ಕಸಿನ್ಸ್ ಮಾರ್ಕ್ಸ್ ಕಾರ್ಡು ಕೇಳಿರಲಿಲ್ಲ, ಕವನ ಓದಿದ್ದರು.

ನಮ್ಮ ಕಾಲ್ಬುಡದಲ್ಲಿ ಇರುವುದನ್ನಾದರೂ ಹೇಳುತ್ತೇವೆಯೇ, ಅದೂ ಇಲ್ಲ. ವಾಕ್ ಶ್ರವಣ ಸಂಸ್ಥೆಯಲ್ಲಿ ಓದಲು ದೇಶದ ಮೂಲೆಮೂಲೆಯಿಂದ ಮಕ್ಕಳು ರೈಲು ಹತ್ತಿ ಬರುತ್ತಾರೆ. ಪಕ್ಕದ ಪಡುವಾರಹಳ್ಳಿಯ ಹುಡುಗ ಕಂಪ್ಯೂಟರ್ ಸೈನ್ಸ್ ಸೀಟು ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಾನೆ. ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬ ಬಂಗಲೆಯಲ್ಲಿದೆ. ಅಲ್ಲಿ ಫುಡ್ ಟೆಕ್ನಾಲಜಿ ಎಂ.ಎಸ್‌ಸಿ. ಇದೆ ಎಂದರೆ, “ಅಡುಗೆ ಕಲಿಯೋಕೆ ಎಂ.ಎಸ್‌ಸಿ. ಯಾಕೆ?” ಎಂದ ಮಹಾನುಭಾವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಮೈಸೂರಿನ ಪೇಂಟ್ಸ್ ಕಾರ್ಖಾನೆಯ ಶಾಯಿ ಬೀಳುತ್ತಿದೆ. ಶಾಯಿ ಮಾಡುವುದೂ ಒಂದು ಕೆಲಸ ಎಂದು ಯಾವ ಮಾವನೂ ಹೇಳಿದ್ದಿಲ್ಲ.

ನಮ್ಮಕ್ಕನ ಮಗಳ ಕಥೆ ಕೇಳಿ. ಸಿಇಟಿ ಆಪ್ಷನ್ ಎಂಟ್ರಿಯ ರಾತ್ರಿ. ಓಟಿಪಿ ಬರುವುದು ಅಪ್ಪನ ಮೊಬೈಲಿಗೆ, ಆದ್ದರಿಂದ ಭವಿಷ್ಯವೂ ಅವರದೇ ಜೇಬಿನಲ್ಲಿ. ಭಾವ ಕಾಲೇಜುಗಳನ್ನು ಕಟ್ ಆಫ್ ಪ್ರಕಾರ ಜೋಡಿಸುತ್ತಿದ್ದರು, ಅಕ್ಕ ನೆಂಟರ ಮನೆಗೆ ಹತ್ತಿರವಿರುವ ಪ್ರಕಾರ. ಇಬ್ಬರಿಗೂ ಜಗಳ ಹತ್ತಿದ ಹೊತ್ತಿನಲ್ಲಿ ಹುಡುಗಿ ಮೆಲ್ಲಗೆ, “ಮಾಮ, ನಂಗೆ ಆರ್ಕಿಟೆಕ್ಚರ್ ಬೇಕಿತ್ತು, ಲಿಸ್ಟಲ್ಲಿ ಬರ್ತಾನೇ ಇಲ್ಲ” ಎಂದಳು. ಹೇಗೆ ಬಂದೀತು? ಅದಕ್ಕೆ ಸಿಇಟಿ ರ‍್ಯಾಂಕು ನಡೆಯುವುದಿಲ್ಲ, ನಾಟಾ ಎಂಬ ಬೇರೆ ಪರೀಕ್ಷೆ ಬರೆದು ಅಂಕ ತರಬೇಕು. ಎಲ್‌ಕೆಜಿಯಿಂದ ಈ ಹುಡುಗಿಗೆ ಹರಿದ ಸಲಹೆಯಲ್ಲಿ ಕುಕ್ಕರಹಳ್ಳಿ ಕೆರೆ ಕೋಡಿ ಬೀಳುತ್ತಿತ್ತು. ಈ ಒಂದು ಮಾತು ಅದರಲ್ಲಿರಲಿಲ್ಲ.

ಭಾವನಿಗೆ ಹೊಟ್ಟೆ ಉರಿದುಹೋಯಿತು. ಮರುದಿನ ಏರಿ ಮೇಲೆ ಗುಂಪಿನ ಹಿರಿಯರನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟರು: “ಅಲ್ಲಾ ಸಾರ್, ಎರಡು ವರ್ಷದಿಂದ ಪಿಸಿಎಂಬಿ ಪಿಸಿಎಂಬಿ ಅಂತಿದ್ರಲ್ಲ, ನಾಟಾ ಬೇಕು ಅಂತ ಒಂದ್ಮಾತು ಹೇಳ್ಬಾರ್ದಿತ್ತಾ?”

ಹಿರಿಯರು ಮಂಕಿ ಕ್ಯಾಪು ತೆಗೆದು ಕಂಕುಳಲ್ಲಿಟ್ಟುಕೊಂಡರು. “ಅಯ್ಯೋ, ಮನೆ ಕಟ್ಟಿಸ್ತಿದ್ದೀರಾ? ಮೊದ್ಲೇ ಹೇಳೋದಲ್ವಾ! ನಮ್ಮ ಷಡ್ಡಕನದೇ ಮರದ ಡಿಪೋ ಇದೆ. ಒಳ್ಳೇ ಹಳೇ ತೇಗದ ನಾಟಾ, ರೇಟು ನಾನು ಮಾತಾಡ್ತೀನಿ ಬನ್ನಿ.”